ಕೈಯಲ್ಲಿ ಹಿಡಿಯುವ ರೆಕಾರ್ಡರ್, ಕಿಸೆಯಲ್ಲಿಡುವ ಪ್ಲೇಯರ್: ಬಳಸುವ ಕ್ರಮ, ಕಾಪಾಡಿಕೊಳ್ಳುವ ಕ್ರಮ

ಪ್ಲೇಯರ್‌ನಲ್ಲಿದ್ದ ಹಾಡು ಅಳಿಸಿಹೋದರೆ ಕಂಪ್ಯೂಟರ್‌ನಿಂದ ಮತ್ತೆ ತುಂಬಿಕೊಳ್ಳಬಹುದು. ರೆಕಾರ್ಡರ್‌ನಲ್ಲಿ ಹಾಗಲ್ಲ. ಎರಡು ಗಂಟೆಯ ಕಾರ್ಯಕ್ರಮ ಮುಗಿದ ಮೇಲೆ ಫೈಲು ತೆರೆದರೆ ಬರೀ ಕರಕರ ಸದ್ದು ಬಂತೆನ್ನಿ, ಹಾಡಿದವರನ್ನು ಕರೆದು ಇನ್ನೊಮ್ಮೆ ಹಾಡಿ ಎನ್ನಲಾಗದು. ಎರಡು ಯಂತ್ರಗಳ ಒಳಗೂ ಇರುವುದು ಹೆಚ್ಚುಕಡಿಮೆ ಒಂದೇ: ಬ್ಯಾಟರಿ, ಮೆಮೊರಿ ಕಾರ್ಡು, ಧ್ವನಿಯನ್ನು ಅಂಕಿಯಾಗಿಸುವ ಅಥವಾ ಅಂಕಿಯನ್ನು ಧ್ವನಿಯಾಗಿಸುವ ಚಿಪ್, ನಾಲ್ಕಾರು ಗುಂಡಿಗಳು. ಆದರೆ ಪ್ಲೇಯರ್ ನಮ್ಮ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ, ರೆಕಾರ್ಡರ್ ಸಹಿಸುವುದಿಲ್ಲ. ಅದಕ್ಕೇ ಇಲ್ಲಿ ರೆಕಾರ್ಡರ್‌ಗೆ ದೊಡ್ಡ ಪಾಲು. ರೆಕಾರ್ಡಿಂಗ್ ಹಾಳಾದಾಗ ಯಂತ್ರ ಅಗ್ಗದ್ದು ಎಂದು ಬೈಯುವುದು ರೂಢಿ. ಹೆಚ್ಚಿನ ಸಲ ಕಾರಣ ಬೇರೆಯೇ ಇರುತ್ತದೆ, ಕೆಂಪು ಗುಂಡಿ ಒತ್ತುವ ಮುಂಚೆ ಬಿಟ್ಟುಹೋದ ಯಾವುದೋ ಸಣ್ಣ ಕೆಲಸ.

ಕಾರ್ಡಿನಿಂದ ಶುರು ಮಾಡಿ

ಎಷ್ಟು ದೊಡ್ಡ ಕಾರ್ಡು ಬೇಕೆಂಬ ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಸಾವಿರ ಸಲ ಧ್ವನಿಯನ್ನು ಅಳೆಯುತ್ತದೆ ಎಂಬುದು ಕಿಲೋಹರ್ಟ್ಸ್, ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಎಂಬುದು ಬಿಟ್. ಧ್ವನಿಯನ್ನು ಕುಗ್ಗಿಸದೆ ಇಡುವ ಸ್ಟೀರಿಯೋ ವೇವ್ ಫೈಲಿಗೆ 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ನಿಮಿಷಕ್ಕೆ ಸುಮಾರು 10.6 ಎಂಬಿ ಬೇಕು. 48 ಕಿಲೋಹರ್ಟ್ಸ್, 24 ಬಿಟ್‌ಗೆ 17.3 ಎಂಬಿ, ಅಂದರೆ ಗಂಟೆಗೆ ಒಂದು ಜಿಬಿಗಿಂತ ಚೂರು ಹೆಚ್ಚು. 96 ಕಿಲೋಹರ್ಟ್ಸ್‌ಗೆ ಹೋದರೆ ಅದರ ಎರಡರಷ್ಟು. 320 ಕೆಬಿಪಿಎಸ್ ಎಂಪಿ3ಗೆ ನಿಮಿಷಕ್ಕೆ 2.4 ಎಂಬಿ ಸಾಕು. ಈ ಪ್ರಕಾರ 32 ಜಿಬಿ ಕಾರ್ಡಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ರೆಕಾರ್ಡಿಂಗ್ ಸುಮಾರು 30 ಗಂಟೆ ಹಿಡಿಯುತ್ತದೆ. ಒಂದು ದಿನದ ಕೆಲಸಕ್ಕೆ ಇದೇ ಧಾರಾಳ.

ವೇಗದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. 48 ಕಿಲೋಹರ್ಟ್ಸ್, 24 ಬಿಟ್‌ನ ಲೆಕ್ಕದಲ್ಲಿ ಸೆಕೆಂಡಿಗೆ 0.3 ಎಂಬಿ ಕೂಡ ಆಗುವುದಿಲ್ಲ. ಕ್ಲಾಸ್ 10 ಕಾರ್ಡು ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯಬಲ್ಲದು. ವಿಡಿಯೋಗೆಂದು ಮಾರುವ ದುಬಾರಿ ಕಾರ್ಡಿನಿಂದ ಧ್ವನಿ ಒಂದಿಷ್ಟೂ ಸುಧಾರಿಸದು. ತಲೆಕೆಡಿಸಿಕೊಳ್ಳಬೇಕಾದ್ದು ಕಾರ್ಡು ಅಸಲಿಯೋ ನಕಲಿಯೋ ಎಂಬುದಕ್ಕೆ. ನಕಲಿ ಕಾರ್ಡು 64 ಜಿಬಿ ಎಂದು ಹೇಳಿಕೊಳ್ಳುತ್ತದೆ, ಒಳಗಿರುವುದು 8 ಜಿಬಿ. ಎಂಟು ತುಂಬುವವರೆಗೆ ಎಲ್ಲವೂ ಸರಿ. ಆಮೇಲೆ ಬರೆದದ್ದು ಹಳೆಯ ಫೈಲುಗಳ ಮೇಲೆ ಕೂರುತ್ತದೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ. ಫೈಲಿನ ಹೆಸರು, ಗಾತ್ರ ಎಲ್ಲ ಸರಿಯಾಗೇ ಕಾಣುವುದರಿಂದ ಮೋಸ ಗೊತ್ತಾಗುವುದು ಕೇಳಲು ಕುಳಿತಾಗ. ಹೊಸ ಕಾರ್ಡು ಕೈಗೆ ಬಂದ ಕೂಡಲೇ ವಿಂಡೋಸ್‌ನಲ್ಲಾದರೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಾದರೆ ಎಫ್3 ಎಂಬ ಉಚಿತ ಸಾಧನದಿಂದ ಪರೀಕ್ಷಿಸಿ. ಇವು ಕಾರ್ಡನ್ನು ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ಮತ್ತೆ ಓದಿ ತಾಳೆ ನೋಡುತ್ತವೆ. ಗಂಟೆಗಟ್ಟಲೆ ಹಿಡಿದರೂ ರಾತ್ರಿ ಬಿಟ್ಟು ಮಲಗಿದರಾಯಿತು.

ಕಾರ್ಡನ್ನು ಕಂಪ್ಯೂಟರ್‌ನಲ್ಲಿ ಬೇಡ, ಯಾವ ರೆಕಾರ್ಡರ್‌ನಲ್ಲಿ ಬಳಸುತ್ತೀರೋ ಅದರಲ್ಲೇ ಫಾರ್ಮ್ಯಾಟ್ ಮಾಡಿ. ಯಂತ್ರ ತನಗೆ ಬೇಕಾದ ಫೋಲ್ಡರ್‌ಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಾರ್ಡಿನಲ್ಲಿ ಫೈಲು ಜೋಡಿಸಿಡುವ ವ್ಯವಸ್ಥೆ ಎರಡು ಬಗೆ: 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್. ಹಳೆಯ ರೆಕಾರ್ಡರ್‌ಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ. 64 ಜಿಬಿ ಕಾರ್ಡು ಹಾಕಿದರೆ ಕಾರ್ಡೇ ಇಲ್ಲ ಎನ್ನುತ್ತವೆ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ, ಹಾಗಾಗಿ ಉದ್ದನೆಯ ರೆಕಾರ್ಡಿಂಗ್ 2 ಅಥವಾ 4 ಜಿಬಿಗೊಮ್ಮೆ ತುಂಡಾಗುತ್ತದೆ. ಗಾಬರಿ ಬೇಡ. ತುಂಡುಗಳನ್ನು ಎಡಿಟರ್‌ನಲ್ಲಿ ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಇಟ್ಟರೆ, ನಡುವೆ ಸಂದು ಬಿಡದ ಯಂತ್ರಗಳಲ್ಲಿ ಜೋಡಣೆ ಕಿವಿಗೆ ಗೊತ್ತೇ ಆಗದು. ನಿಮ್ಮ ಯಂತ್ರ ಸಂದು ಬಿಡುತ್ತದೋ ಇಲ್ಲವೋ ಎನ್ನುವುದನ್ನು ಮಾತ್ರ ಮನೆಯಲ್ಲೇ ಒಮ್ಮೆ ರೇಡಿಯೋ ಹಚ್ಚಿಟ್ಟು ಪರೀಕ್ಷಿಸಿಕೊಳ್ಳಿ.

ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಒಂದು ಪುಟ್ಟ ಜಾರುಗುಂಡಿ ಇರುತ್ತದೆ. ಅದು ಲಾಕ್ ಕಡೆಗೆ ಸರಿದಿದ್ದರೆ ಕಾರ್ಡು ಓದಲು ಸಿಗುತ್ತದೆ, ಬರೆಯಲು ಬಿಡುವುದಿಲ್ಲ. ಕಾರ್ಡು ಒಳಗೆ ತಳ್ಳುವಾಗಲೇ ಅದು ಜಾರುವುದುಂಟು.

ಬ್ಯಾಟರಿ ಮೀಟರ್ ಯಾಕೆ ಸುಳ್ಳು ಹೇಳುತ್ತದೆ

ಪೆನ್ಸಿಲ್ ಸೆಲ್ ಹಾಕುವ ರೆಕಾರ್ಡರ್‌ಗಳ ಮೆನುವಿನಲ್ಲಿ ಸಾಮಾನ್ಯವಾಗಿ ಬ್ಯಾಟರಿ ಟೈಪ್ ಎಂಬ ಸೆಟ್ಟಿಂಗ್ ಇರುತ್ತದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಆಲ್ಕಲೈನ್ ಸೆಲ್ 1.5 ವೋಲ್ಟ್‌ನಿಂದ ಶುರುವಾಗಿ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಬಹುಕಾಲ 1.2 ವೋಲ್ಟ್‌ನಲ್ಲೇ ನಿಂತು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಮೀಟರ್ ಅಳೆಯುವುದು ವೋಲ್ಟೇಜ್ ಒಂದನ್ನೇ. ಸೆಟ್ಟಿಂಗ್ ಆಲ್ಕಲೈನ್ ಎಂದಿದ್ದು ಒಳಗೆ ರೀಚಾರ್ಜ್ ಸೆಲ್ ಇದ್ದರೆ, ತುಂಬಿದ ಸೆಲ್ ಕೂಡ ಅರ್ಧ ಖಾಲಿ ಎಂದು ತೋರಿಸುತ್ತದೆ. ಯಂತ್ರ ಬೇಕಾದ್ದಕ್ಕಿಂತ ಬೇಗ ತಾನೇ ಆಫ್ ಆಗಲೂಬಹುದು. ಸೆಲ್ ಬದಲಿಸಿದಾಗಲೆಲ್ಲ ಈ ಸೆಟ್ಟಿಂಗ್ ನೋಡಿ. ಹಳೆಯದನ್ನೂ ಹೊಸದನ್ನೂ, ಎರಡು ಜಾತಿಯ ಸೆಲ್‌ಗಳನ್ನೂ ಬೆರೆಸಬೇಡಿ.

ಕಂಡೆನ್ಸರ್ ಮೈಕು ಕೆಲಸ ಮಾಡಲು ವಿದ್ಯುತ್ತು ಬೇಕು. ಅದಕ್ಕೆ ಕೇಬಲ್ಲಿನ ಮೂಲಕವೇ 48 ವೋಲ್ಟ್ ಫ್ಯಾಂಟಮ್ ಪವರ್ ಕೊಟ್ಟರೆ ಬ್ಯಾಟರಿ ಬಾಳಿಕೆ ಗಣನೀಯವಾಗಿ ಇಳಿಯುತ್ತದೆ. ಕೈಪಿಡಿಯಲ್ಲಿ ಬರೆದ ಗಂಟೆಗಳ ಲೆಕ್ಕ ಬಹುತೇಕ ಫ್ಯಾಂಟಮ್ ಆಫ್ ಇದ್ದಾಗಿನದು. ದೊಡ್ಡ ಕಾರ್ಯಕ್ರಮಕ್ಕೆ ಪವರ್ ಬ್ಯಾಂಕ್ ಒಳ್ಳೆಯದು, ಆದರೆ ಒಂದು ತೊಡಕಿದೆ. ರೆಕಾರ್ಡರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಕೆಲವು ಪವರ್ ಬ್ಯಾಂಕುಗಳು ಏನೂ ಜೋಡಿಸಿಲ್ಲ ಎಂದುಕೊಂಡು ಅರ್ಧದಲ್ಲೇ ಆಫ್ ಆಗುತ್ತವೆ. ಮುಂಚೆಯೇ ಒಂದೆರಡು ಗಂಟೆ ಓಡಿಸಿ ನೋಡಿ, ಯಂತ್ರದೊಳಗೂ ತುಂಬಿದ ಸೆಲ್ ಇರಲಿ. ಹೊರಗಿನ ಪವರ್ ಹೋದರೆ ಬಹುತೇಕ ರೆಕಾರ್ಡರ್‌ಗಳು ತಾವೇ ಒಳಗಿನದಕ್ಕೆ ಬದಲಾಗುತ್ತವೆ.

ಯಾವ ಫಾರ್ಮ್ಯಾಟ್

ಸಂಗೀತಕ್ಕೆ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಇಟ್ಟುಬಿಡಿ, ಚರ್ಚೆ ಬೇಡ. ವಿಡಿಯೋ ಜೊತೆ ಸೇರಿಸುವುದಾದರೂ ಇದೇ ಬೇಕು. ಸಿಡಿ ಮಾಡುವ ಉದ್ದೇಶವಿದ್ದರೆ ಮಾತ್ರ 44.1. ಕೇಳುವುದಕ್ಕಷ್ಟೇ ಆದರೆ 96ರಿಂದ ಜಾಗ ವ್ಯರ್ಥ. ಮಾತಿನ ರೆಕಾರ್ಡಿಂಗ್‌ಗೆ ಎಂಪಿ3 ಸಾಕು.

ಆದರೆ 16 ಮತ್ತು 24 ಬಿಟ್ ನಡುವಿನ ವ್ಯತ್ಯಾಸ ಕೆಲಸಕ್ಕೆ ಬರುವಂಥದು. 16 ಬಿಟ್‌ನಲ್ಲಿ ಅತಿ ಮೆಲ್ಲಗಿನದಕ್ಕೂ ಅತಿ ಜೋರಿಗೂ ನಡುವೆ ಸಿಗುವ ಅಂತರ ಸುಮಾರು 96 ಡೆಸಿಬೆಲ್. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಪುಟ್ಟ ರೆಕಾರ್ಡರ್‌ನ ಸರ್ಕ್ಯೂಟು ಅಷ್ಟು ದೂರ ಹೋಗಲಾರದು ನಿಜ. ಆದರೂ ಲೆವೆಲ್ ತಗ್ಗಿಸಿ ಇಟ್ಟುಕೊಂಡು ಆಮೇಲೆ ಏರಿಸುವ ಸ್ವಾತಂತ್ರ್ಯ ಸಿಗುವುದು 24ರಲ್ಲೇ.

ಲೆವೆಲ್: ಸಿಟ್ಟಿನಿಂದಲ್ಲ, ತಾಳ್ಮೆಯಿಂದ

ಧ್ವನಿಯ ಜೋರು ತೋರಿಸುವ ಮೀಟರ್‌ನ ಬಲತುದಿಯಲ್ಲಿ 0 ಡೆಸಿಬೆಲ್ ಇದೆ. ಅದರಾಚೆ ಏನೂ ಇಲ್ಲ. ಧ್ವನಿ ಅದನ್ನು ದಾಟಿದರೆ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ, ಕಿವಿಗೆ ಒಡೆದ ಸದ್ದಾಗಿ ಕೇಳುತ್ತದೆ. ಕತ್ತರಿಸಿಹೋದದ್ದನ್ನು ಪೂರ್ತಿಯಾಗಿ ಮರಳಿ ತರುವ ಸಾಫ್ಟ್‌ವೇರ್ ಇಲ್ಲ.

ಕ್ರಮ ಹೀಗೆ:

1. ಆಟೋ ಲೆವೆಲ್ ಅಥವಾ ಎಜಿಸಿ ಆಫ್ ಮಾಡಿ. ಅದು ಮೆಲ್ಲಗಿನ ಭಾಗದಲ್ಲಿ ಧ್ವನಿ ಏರಿಸಿ, ಜೋರು ಬಂದ ತಕ್ಷಣ ಇಳಿಸುತ್ತದೆ. ಆಲಾಪದ ಮೌನದಲ್ಲಿ ಫ್ಯಾನಿನ ಸದ್ದು ಉಬ್ಬಿ ಬರುವುದು, ಒಂದು ಪೆಟ್ಟು ಬಿದ್ದೊಡನೆ ಇಡೀ ಹಾಡು ತಗ್ಗುವುದು ಇದರಿಂದಲೇ.
2. ರೆಕಾರ್ಡ್ ಗುಂಡಿ ಒಮ್ಮೆ ಒತ್ತಿ ಸ್ಟ್ಯಾಂಡ್‌ಬೈಗೆ ಬನ್ನಿ. ಹೆಡ್‌ಫೋನ್ ಹಾಕಿಕೊಳ್ಳಿ.
3. ಹಾಡುವವರಿಗೆ, ನುಡಿಸುವವರಿಗೆ ಅತಿ ಜೋರಿನ ಭಾಗವನ್ನೇ ಒಂದು ನಿಮಿಷ ಕೊಡಿ ಎನ್ನಿ.
4. ಆ ಜೋರಿನಲ್ಲಿ ಮೀಟರ್ ಮೈನಸ್ 12ರ ಆಸುಪಾಸು ನಿಲ್ಲುವಂತೆ ಇನ್‌ಪುಟ್ ಲೆವೆಲ್ ತಿರುಗಿಸಿ. ಪರೀಕ್ಷೆಗೆ ಹಾಡುವಾಗ ಯಾರೂ ಪೂರ್ತಿ ಗಂಟಲು ಬಿಡುವುದಿಲ್ಲ. ಕಾರ್ಯಕ್ರಮ ಕಾವೇರಿದಾಗ ಅದು ಮೈನಸ್ 6ಕ್ಕೆ ಬಂದರೂ ಜಾಗ ಉಳಿದಿರುತ್ತದೆ.
5. ಜೋರು ಮಿತಿ ಮೀರದಂತೆ ತಡೆಯುವ ಲಿಮಿಟರ್ ಇದ್ದರೆ ಆನ್ ಇರಲಿ, ಆದರೆ ಅದನ್ನು ನಂಬಿ ಲೆವೆಲ್ ಏರಿಸಬೇಡಿ.

ಒಂದು ವಿಚಿತ್ರ ದೋಷವಿದೆ, ಗೊತ್ತಿಲ್ಲದವರನ್ನು ಬಹಳ ಕಾಡುತ್ತದೆ. ಮೀಟರ್ ಮೈನಸ್ 10 ದಾಟಿಯೇ ಇಲ್ಲ, ಆದರೂ ಧ್ವನಿ ಒಡೆದಿದೆ. ಎಡಿಟರ್‌ನಲ್ಲಿ ಅಲೆಯನ್ನು ಹಿಗ್ಗಿಸಿ ನೋಡಿದರೆ ನೆತ್ತಿ ಚಪ್ಪಟೆ, ಆದರೆ 0 ಗೆರೆಗಿಂತ ಎಷ್ಟೋ ಕೆಳಗೆ. ಅಂದರೆ ಧ್ವನಿ ಒಡೆದದ್ದು ಅಂಕಿಯಾಗುವ ಹಂತದಲ್ಲಲ್ಲ, ಅದಕ್ಕೂ ಮುಂಚೆ, ಮೈಕಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಪ್ರೀಆಂಪ್‌ನಲ್ಲಿ. ಕೆಲವು ಯಂತ್ರಗಳಲ್ಲಿ ಲೆವೆಲ್ ಗುಂಡಿ ಈ ಮೊದಲ ಹಂತದ ನಂತರ ಬರುತ್ತದೆ. ಒಡೆದದ್ದನ್ನೇ ಸಣ್ಣದು ಮಾಡಿ ಬರೆದಿಟ್ಟಂತಾಯಿತು. ಹೈ/ಲೋ ಗೇನ್ ಸ್ವಿಚ್ಚು ಲೋಗೆ ಸರಿಸಬೇಕು, ಅಥವಾ ಯಂತ್ರವನ್ನು ಸ್ಪೀಕರ್, ಡ್ರಮ್‌ಗಳಿಂದ ದೂರ ಒಯ್ಯಬೇಕು. ಲೆವೆಲ್ ಗುಂಡಿ 2ಕ್ಕಿಂತ ಕೆಳಗಿಟ್ಟರೆ ಮಾತ್ರ ಮೀಟರ್ ಸರಿಹೋಗುತ್ತಿದೆ ಎಂದಾದರೆ ಈ ತೊಂದರೆ ಕಾದಿದೆ ಎಂದೇ ಅರ್ಥ.

32 ಬಿಟ್ ಫ್ಲೋಟ್ ರೆಕಾರ್ಡರ್‌ಗಳಿಗೆ ಲೆವೆಲ್ಲೇ ಬೇಡ ಎನ್ನುತ್ತಾರೆ. ಬಹುಮಟ್ಟಿಗೆ ನಿಜ. ಫೈಲಿನಲ್ಲಿ 0 ದಾಟಿದ ಭಾಗವನ್ನೂ ಆಮೇಲೆ ತಗ್ಗಿಸಿ ಉಳಿಸಿಕೊಳ್ಳಬಹುದು. ಆದರೆ ಮೈಕಿನೊಳಗೆ ಕಂಪಿಸುವ ಪರದೆ ತಾಳುವ ಜೋರಿಗೆ ಮಿತಿ ಇದ್ದೇ ಇದೆ. ಅಲ್ಲಿ ಒಡೆದರೆ ಯಾವ ಫ್ಲೋಟೂ ಕಾಯುವುದಿಲ್ಲ.

ಯಂತ್ರವನ್ನು ಎಲ್ಲಿಡಬೇಕು

ದುಬಾರಿ ಯಂತ್ರವನ್ನು ತಪ್ಪು ಜಾಗದಲ್ಲಿ ಇಡುವುದಕ್ಕಿಂತ ಅಗ್ಗದ್ದನ್ನು ಸರಿಯಾದ ಜಾಗದಲ್ಲಿ ಇಡುವುದು ಮೇಲು. ದೂರ ಎರಡರಷ್ಟಾದರೆ ನೇರವಾಗಿ ಬರುವ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ, ಗೋಡೆಯಿಂದ ಮರುಕಳಿಸುವ ಗುಂಯ್‌ಗುಡುವಿಕೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸಭೆಯ ಹಿಂದಿನ ಸಾಲಿನಲ್ಲಿ ಇಟ್ಟ ರೆಕಾರ್ಡಿಂಗ್ ಬಾವಿಯೊಳಗಿಂದ ಕೇಳಿದಂತಿರುವುದು ಇದಕ್ಕೇ. ಒಬ್ಬರ ಗಾಯನ, ಒಂದೆರಡು ಪಕ್ಕವಾದ್ಯ ಇದ್ದರೆ ಒಂದರಿಂದ ಎರಡು ಮೀಟರ್ ದೂರ, ತಲೆಗಿಂತ ಸ್ವಲ್ಪ ಎತ್ತರ, ಮೈಕುಗಳ ಮೂತಿ ಬಾಯಿಯ ಕಡೆಗೆ. ಚರ್ಮವಾದ್ಯ ಗಾಯಕರನ್ನು ಮುಳುಗಿಸುತ್ತಿದ್ದರೆ ಯಂತ್ರವನ್ನು ಗಾಯಕರ ಕಡೆ ಒಂದು ಮೊಳ ಸರಿಸಿ. ಎಡಿಟಿಂಗ್‌ನಲ್ಲಿ ಸರಿಪಡಿಸುವೆ ಎನ್ನುವ ಮಾತು ಒಂದೇ ಸ್ಟೀರಿಯೋ ಫೈಲಿನಲ್ಲಿ ನಡೆಯುವುದಿಲ್ಲ. ಗಿಟಾರ್ ಒಂದನ್ನೇ ಹಿಡಿಯುವುದಾದರೆ ಕುತ್ತಿಗೆ ಮತ್ತು ಒಡಲು ಸೇರುವೆಡೆಗೆ ಗುರಿಯಿಟ್ಟು 20-30 ಸೆಂಟಿಮೀಟರ್ ದೂರದಲ್ಲಿಡಿ. ನೇರ ರಂಧ್ರದ ಮುಂದಿಟ್ಟರೆ ಬರೀ ಧುಂ ಧುಂ.

ಮೇಜಿನ ಮೇಲೆ ಹಾಗೇ ಮಲಗಿಸಬೇಡಿ. ಮೇಜು ತಟ್ಟಿದ್ದು, ಲೋಟ ಇಟ್ಟದ್ದು, ನಡೆದದ್ದು ಎಲ್ಲ ಮೈಕಿಗೆ ನೇರ ಹರಿಯುತ್ತದೆ. ಬಹುತೇಕ ರೆಕಾರ್ಡರ್‌ಗಳ ತಳದಲ್ಲಿ ಕ್ಯಾಮೆರಾ ಟ್ರೈಪಾಡಿನ ಕಾಲಿಂಚು ಸ್ಕ್ರೂಗೆ ತೂತು ಇರುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಮಡಿಸಿದ ದಪ್ಪ ಟವೆಲ್ಲಾದರೂ ಇರಲಿ. ಬಯಲಿನಲ್ಲಿ ತುಪ್ಪಳದಂಥ ಗಾಳಿಕವಚ ಬೇಕೇ ಬೇಕು. ಸ್ಪಂಜಿನ ಟೋಪಿ ಉಸಿರಿಗೆ, ಫ್ಯಾನಿನ ಗಾಳಿಗೆ ಸಾಕು, ಬೀಸುಗಾಳಿಗೆ ಸಾಲದು. ತಗ್ಗು ಸ್ವರದ ಸದ್ದನ್ನು ಕತ್ತರಿಸುವ ಲೋ ಕಟ್ ಅನ್ನು 80 ಹರ್ಟ್ಸ್‌ಗೆ ಇಟ್ಟರೆ ಗಾಳಿಯ ಭೋರು, ಎಸಿಯ ಗುಂಯ್ ಎರಡೂ ತಗ್ಗುತ್ತವೆ. ಬೇಸ್ ಗಿಟಾರ್, ದೊಡ್ಡ ಡ್ರಮ್ ಇದ್ದಲ್ಲಿ ಮಾತ್ರ ಆಫ್ ಮಾಡಿ, ಇಲ್ಲವಾದರೆ ಅವುಗಳ ಒಡಲೇ ಹೋಗುತ್ತದೆ.

ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ಇಲ್ಲವೇ ಎರಡು ಮೀಟರ್ ದೂರವಿಡಿ. ಫೋನು ಟವರ್ ಹುಡುಕುವಾಗ ಕೇಳುವ ಟಿಟ್-ಟಿರಿಟ್ ಸದ್ದು ಕೇಬಲ್ಲಿನ ಮೂಲಕ ಒಳಬಂದರೆ ತೆಗೆಯುವುದು ತಲೆನೋವು.

ಮಿಕ್ಸರ್‌ನಿಂದ ತೆಗೆದುಕೊಳ್ಳುವಾಗ

ವೇದಿಕೆಯ ಮೈಕುಗಳ ಧ್ವನಿಯನ್ನು ಬೆರೆಸುವ ಮಿಕ್ಸರ್‌ನ ರೆಕ್ ಔಟ್ ತೂತಿನಿಂದ ರೆಕಾರ್ಡರ್‌ನ ಲೈನ್ ಇನ್ ತೂತಿಗೆ ಕೇಬಲ್ ಹಾಕಿದರೆ ಮುಗಿಯಿತು ಎಂದು ಕಾಣುತ್ತದೆ. ತಪ್ಪುವ ದಾರಿಗಳು ಮೂರು.

ಮೊದಲನೆಯದು, ಲೈನ್ ಮತ್ತು ಮೈಕ್ ಒಂದೇ ತೂತಿನಲ್ಲಿರುವ ಯಂತ್ರಗಳು. ಮೆನುವಿನಲ್ಲಿ ಲೈನ್ ಆರಿಸದಿದ್ದರೆ ವೋಲ್ಟ್ ಲೆಕ್ಕದಲ್ಲಿ ಬರುವ ಸಿಗ್ನಲ್ಲು ಮಿಲಿವೋಲ್ಟ್‌ಗೆಂದು ಮಾಡಿದ ಪ್ರೀಆಂಪ್‌ಗೆ ನುಗ್ಗಿ ಒಡೆಯುತ್ತದೆ. ಪುಟ್ಟ ಕಾಲರ್ ಮೈಕುಗಳಿಗೆಂದು ಆ ತೂತಿನಲ್ಲಿ ಹರಿಸುವ ಪ್ಲಗ್-ಇನ್ ಪವರ್ ಕೂಡ ಆಫ್ ಇರಬೇಕು.

ಎರಡನೆಯದು ಕೇಬಲ್, ಇದು ನಿಜಕ್ಕೂ ಮೋಸದ್ದು. ಮಿಕ್ಸರ್‌ನ ಬ್ಯಾಲೆನ್ಸ್ಡ್ ಔಟ್‌ಪುಟ್‌ನಲ್ಲಿ ಒಂದೇ ಧ್ವನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ತಲೆಕೆಳಗಾಗಿ ಬರುತ್ತದೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್‌ನಿಂದ 3.5 ಮಿಲಿಮೀಟರ್ ಸ್ಟೀರಿಯೋ ಪಿನ್ನಿಗೆ ಸಿಗುವ ಕೆಲವು ರೆಡಿ ಕೇಬಲ್‌ಗಳು ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಕೊಡುತ್ತವೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಧ್ವನಿ ತಲೆಯ ಹಿಂದೆಲ್ಲೋ ಹರಡಿದಂತೆ ವಿಚಿತ್ರವಾಗಿ, ಆದರೆ ಸ್ಪಷ್ಟವಾಗಿ ಇರುತ್ತದೆ. ಅದೇ ಫೈಲನ್ನು ಒಂದೇ ಸ್ಪೀಕರ್‌ನ ಫೋನಿನಲ್ಲಿ ಹಾಕಿದರೆ ಎಡ ಬಲ ಎರಡೂ ಸೇರಿ ಒಂದನ್ನೊಂದು ಅಳಿಸಿ, ಹಾಡೇ ಮಾಯ! ಫೈಲು ಕೆಟ್ಟಿಲ್ಲ. ಅಡಾಸಿಟಿ ಎಂಬ ಉಚಿತ ಎಡಿಟರ್‌ನಲ್ಲಿ ಸ್ಟೀರಿಯೋ ಟ್ರ್ಯಾಕನ್ನು ಎರಡಾಗಿ ಬಿಡಿಸಿ, ಒಂದನ್ನು ತೆಗೆದುಹಾಕಿ ಇನ್ನೊಂದನ್ನು ಮೋನೋ ಆಗಿ ಉಳಿಸಿಕೊಳ್ಳಿ.

ಮೂರನೆಯದು ಗುಂಯ್ ಎನ್ನುವ ಹಮ್. ಮಿಕ್ಸರ್ ಮತ್ತು ರೆಕಾರ್ಡರ್ ಎರಡೂ ಗೋಡೆಯ ವಿದ್ಯುತ್ತಿಗೆ ಸೇರಿದ್ದರೆ ಅರ್ಥಿಂಗ್ ಸುತ್ತು ಬಿದ್ದು 50 ಅಥವಾ 60 ಹರ್ಟ್ಸ್ ಹಮ್ ಬರುತ್ತದೆ. ರೆಕಾರ್ಡರ್‌ನ ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಬಹುತೇಕ ಅಲ್ಲಿಗೇ ನಿಲ್ಲುತ್ತದೆ.

ಮಿಕ್ಸರ್‌ನಿಂದ ಬಂದ ಧ್ವನಿ ಶುದ್ಧವಾಗಿದ್ದರೂ ಒಣಗಿದಂತಿರುತ್ತದೆ, ಚಪ್ಪಾಳೆ ಇರದು, ಮೈಕಿಲ್ಲದ ವಾದ್ಯ ಕೇಳದು. ನಾಲ್ಕು ಟ್ರ್ಯಾಕಿನ ಯಂತ್ರವಾದರೆ ಅದರ ಸ್ವಂತ ಮೈಕುಗಳನ್ನೂ ಜೊತೆಗೆ ಆನ್ ಇಡಿ. ಧ್ವನಿ ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ವೇದಿಕೆಯಿಂದ 15 ಮೀಟರ್ ದೂರದಲ್ಲಿದ್ದರೆ ಮೈಕಿನ ಟ್ರ್ಯಾಕು ಸುಮಾರು 45 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಬೆರೆಸುವಾಗ ಅಷ್ಟನ್ನು ಮುಂದಕ್ಕೆ ಎಳೆದುಕೊಳ್ಳಿ.

ಕೆಂಪು ಗುಂಡಿ

ಎಷ್ಟೋ ಕಾರ್ಯಕ್ರಮಗಳು ರೆಕಾರ್ಡ್ ಆಗದೇ ಉಳಿಯುವುದು ಒಂದೇ ಕಾರಣಕ್ಕೆ. ಗುಂಡಿ ಒಮ್ಮೆ ಒತ್ತಿದರೆ ಅನೇಕ ಯಂತ್ರಗಳು ಸ್ಟ್ಯಾಂಡ್‌ಬೈಗೆ ಬರುತ್ತವಷ್ಟೇ. ಮೀಟರ್ ಕುಣಿಯುತ್ತದೆ, ಹೆಡ್‌ಫೋನ್‌ನಲ್ಲಿ ಧ್ವನಿ ಬರುತ್ತದೆ, ಎಲ್ಲವೂ ನಡೆಯುತ್ತಿದೆ ಎಂಬ ಭ್ರಮೆ. ದೀಪ ಮಿಣುಕುತ್ತಿದ್ದರೆ ರೆಕಾರ್ಡ್ ಆಗುತ್ತಿಲ್ಲ. ಇನ್ನೊಮ್ಮೆ ಒತ್ತಿ, ದೀಪ ನಿಂತು ಉರಿಯಬೇಕು, ಅದಕ್ಕಿಂತ ಮುಖ್ಯವಾಗಿ ಸೆಕೆಂಡುಗಳ ಅಂಕಿ ಓಡಬೇಕು. ಓಡುವ ಅಂಕಿಯನ್ನು ಕಣ್ಣಾರೆ ನೋಡದೆ ಯಂತ್ರದ ಬಳಿಯಿಂದ ಎದ್ದು ಹೋಗಬೇಡಿ.

ಆಮೇಲೆ ಹೋಲ್ಡ್ ಸ್ವಿಚ್ಚು ಸರಿಸಿ. ಯಾರ ಕೈ ತಾಗಿದರೂ ನಿಲ್ಲದು. ಕಾರ್ಯಕ್ರಮ ಶುರುವಾಗುವ ಅರ್ಧ ನಿಮಿಷ ಮುಂಚೆಯೇ ಓಡಿಸಿ. ಆ ಖಾಲಿ ಸದ್ದು ಮುಂದೆ ಹಿನ್ನೆಲೆಯ ಗದ್ದಲ ತೆಗೆಯುವಾಗ ಮಾದರಿಯಾಗಿ ಒದಗುತ್ತದೆ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಕೇಳುತ್ತಾ ರೆಕಾರ್ಡ್ ಮಾಡಬೇಡಿ, ಧ್ವನಿ ತಡವಾಗಿ ಬಂದು ಲೆಕ್ಕ ತಪ್ಪಿಸುತ್ತದೆ. ಮುಗಿದಾಗ ಚಪ್ಪಾಳೆ ಪೂರ್ತಿ ಇಳಿಯಲಿ. ಸ್ಟಾಪ್ ಒತ್ತಿ, ಪರದೆಯ ಮೇಲೆ ಬರೆಯುವ ಗುರುತು ಹೋಗುವವರೆಗೆ ಕಾಯ್ದು, ಆಮೇಲೆ ಆಫ್.

ಮಧ್ಯದಲ್ಲಿ ಪವರ್ ಹೋದ ಫೈಲನ್ನು ಉಳಿಸುವುದು

ವೇವ್ ಫೈಲಿನ ತಲೆಯಲ್ಲಿ ಒಂದು ಪುಟ್ಟ ವಿವರಪಟ್ಟಿ ಇರುತ್ತದೆ, ಸರಳ ಫೈಲಿನಲ್ಲಿ 44 ಬೈಟು. ಧ್ವನಿ ಎಷ್ಟು ಉದ್ದ ಎಂಬುದನ್ನು ಅಲ್ಲಿ ಬರೆಯುವುದು ಸ್ಟಾಪ್ ಒತ್ತಿದ ಮೇಲೆ. ಅದಕ್ಕೂ ಮುಂಚೆ ಸೆಲ್ ಕಿತ್ತುಬಂದರೆ ಧ್ವನಿ ಕಾರ್ಡಿನಲ್ಲಿ ಕೂತಿರುತ್ತದೆ, ಅದರ ಲೆಕ್ಕ ಮಾತ್ರ ಇರುವುದಿಲ್ಲ. ಫೈಲು 0 ಬೈಟು ಎಂದು ಕಾಣುತ್ತದೆ ಅಥವಾ ತೆರೆಯುವುದಿಲ್ಲ. ಆ ಕ್ಷಣ ಮಾಡಬೇಕಾದ್ದು:

1. ಆ ಕಾರ್ಡಿನಲ್ಲಿ ಇನ್ನೇನನ್ನೂ ರೆಕಾರ್ಡ್ ಮಾಡಬೇಡಿ, ಫಾರ್ಮ್ಯಾಟ್ ಕೇಳಿದರೆ ಬೇಡ ಎನ್ನಿ.
2. ತುಂಬಿದ ಸೆಲ್ ಹಾಕಿ ಅದೇ ರೆಕಾರ್ಡರ್‌ನಲ್ಲಿ ಆನ್ ಮಾಡಿ. ಕೆಲವು ಯಂತ್ರಗಳು ಅರ್ಧಕ್ಕೆ ನಿಂತ ಫೈಲನ್ನು ತಾವೇ ದುರಸ್ತಿ ಮಾಡುತ್ತವೆ.
3. ಆಗದಿದ್ದರೆ ಫೈಲಿಗೆ ಗಾತ್ರವಿದೆಯೇ ನೋಡಿ. ಇದ್ದರೆ ಕಂಪ್ಯೂಟರ್‌ಗೆ ನಕಲು ಮಾಡಿ, ಅಡಾಸಿಟಿಯ ಇಂಪೋರ್ಟ್ ಮೆನುವಿನಲ್ಲಿ ರಾ ಡೇಟಾ ಆರಿಸಿ. ರೆಕಾರ್ಡ್ ಮಾಡಿದ ಸೆಟ್ಟಿಂಗನ್ನೇ ಕೊಡಿ: ಸೈನ್ಡ್ 24 ಬಿಟ್ ಪಿಸಿಎಂ, ಲಿಟಲ್ ಎಂಡಿಯನ್, ಸ್ಟೀರಿಯೋ, 48000.
4. ಬರೀ ಶ್ಶ್ ಎಂಬ ಸದ್ದು ಬಂದರೆ ಎದೆಗುಂದಬೇಡಿ. 24 ಬಿಟ್ ಸ್ಟೀರಿಯೋದ ಒಂದೊಂದು ಮಾದರಿ 6 ಬೈಟು. ಓದು ತಪ್ಪು ಬೈಟಿನಿಂದ ಶುರುವಾದರೆ ಎಲ್ಲ ಕಲಸುಮೇಲೋಗರ. ಸ್ಟಾರ್ಟ್ ಆಫ್‌ಸೆಟ್ ಎಂಬಲ್ಲಿ 0, 1, 2 ಎಂದು 5ರವರೆಗೆ ಒಂದೊಂದಾಗಿ ಕೊಟ್ಟು ನೋಡಿ. ಎರಡು ಅಂಕಿಗಳಲ್ಲಿ ಹಾಡು ಕೇಳುತ್ತದೆ, ಅದರಲ್ಲಿ ಒಂದರಲ್ಲಿ ಎಡ ಬಲ ಅದಲುಬದಲು. ಮೊದಲಲ್ಲಿ ಟಕ್ ಎನ್ನುವುದು ವಿವರಪಟ್ಟಿಯ ಸದ್ದು, ಕತ್ತರಿಸಿಬಿಡಿ.
5. ಗಾತ್ರವೇ 0 ಆಗಿದ್ದರೆ ಫೋಟೋರೆಕ್‌ನಂಥ ಸಾಧನದಿಂದ ಕಾರ್ಡನ್ನು ಜಾಲಾಡಿಸಬೇಕು. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಉಳಿಸಿ, ಅದೇ ಕಾರ್ಡಿಗಲ್ಲ.

ಏನೂ ಕೆಡದೆ ಮುಗಿದ ರೆಕಾರ್ಡಿಂಗನ್ನೂ ಅದೇ ದಿನ ಕಂಪ್ಯೂಟರ್‌ಗೆ ಇಳಿಸಿ, ಮೊದಲು, ನಡುವೆ, ಕೊನೆ ಕೇಳಿ, ಇನ್ನೊಂದು ಡಿಸ್ಕಿಗೆ ಎರಡನೇ ಪ್ರತಿ ಮಾಡಿದ ಮೇಲಷ್ಟೇ ಕಾರ್ಡು ಫಾರ್ಮ್ಯಾಟ್ ಮಾಡಿ. ಕಾರ್ಡು ಸಾಗಿಸುವ ಚೀಲ, ಕಾಪಿಡುವ ಕಪಾಟಲ್ಲ. ಜಾಗ ಸಾಲದಿದ್ದರೆ ಫ್ಲ್ಯಾಕ್ ಎಂಬ ಫಾರ್ಮ್ಯಾಟ್‌ಗೆ ಬದಲಿಸಿಡಿ. ಧ್ವನಿಯ ಒಂದು ಬಿಟ್ಟೂ ಕಳೆಯದೆ ಗಾತ್ರ ಸಾಮಾನ್ಯವಾಗಿ ಅರ್ಧದಷ್ಟಕ್ಕೆ ಇಳಿಯುತ್ತದೆ.

ಪ್ಲೇಯರ್‌ಗೆ ಹಾಡು ತುಂಬುವಾಗ

ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ಡ್ರೈವ್ ಮಾತ್ರ ಕಾಣುವುದಿಲ್ಲ ಎಂದರೆ ಮೊದಲು ಕೇಬಲ್ ಬದಲಿಸಿ. ಚಾರ್ಜಿಗಷ್ಟೇ ಮಾಡಿದ ಯುಎಸ್‌ಬಿ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ.

ಹಾಡುಗಳ ಕ್ರಮ ತಪ್ಪುವುದು ಎಲ್ಲರ ದೂರು. ಸರಳ ಪ್ಲೇಯರ್‌ಗಳು ಹೆಸರಿನ ಕ್ರಮವನ್ನು ನೋಡುವುದಿಲ್ಲ, ಕಾರ್ಡಿನ ಪಟ್ಟಿಯಲ್ಲಿ ಯಾವುದು ಮೊದಲು ಬರೆಯಲ್ಪಟ್ಟಿತೋ ಅದನ್ನೇ ಮೊದಲು ನುಡಿಸುತ್ತವೆ. ಫೈಲುಗಳಿಗೆ 01, 02 ಎಂದು ಸೊನ್ನೆ ಸೇರಿಸಿ ಹೆಸರಿಡಿ, ಇಲ್ಲದಿದ್ದರೆ 10 ಬಂದು 2ರ ಮುಂದೆ ನಿಲ್ಲುತ್ತದೆ. ಫೋಲ್ಡರನ್ನು ಅಳಿಸಿ, ಫೈಲುಗಳನ್ನು ಅದೇ ಕ್ರಮದಲ್ಲಿ ಮತ್ತೆ ನಕಲು ಮಾಡಿ. ಅದೂ ಕೈಗೂಡದಿದ್ದರೆ ಫ್ಯಾಟ್‌ಸಾರ್ಟರ್ ಎಂಬ ಪುಟ್ಟ ಸಾಧನ ಕಾರ್ಡಿನ ಪಟ್ಟಿಯನ್ನೇ ಜೋಡಿಸಿಕೊಡುತ್ತದೆ. ಮ್ಯಾಕ್‌ನಿಂದ ನಕಲು ಮಾಡಿದವರಿಗೆ ಪ್ರತಿ ಹಾಡಿನ ಜೊತೆ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ, ನುಡಿಯದ ಒಂದು ಫೈಲು ಕಾಣಬಹುದು. ಅದು ಮ್ಯಾಕ್ ಬಿಟ್ಟುಹೋಗುವ ಟಿಪ್ಪಣಿ, ಅಳಿಸಿದರೆ ನಷ್ಟವಿಲ್ಲ.

ಹಾಡು, ಹಾಡಿದವರು, ಆಲ್ಬಮ್ ಹೆಸರುಗಳನ್ನು ಫೈಲಿನೊಳಗೇ ಬರೆದಿಡುವ ಟ್ಯಾಗ್‌ಗಳನ್ನು ಎಂಪಿ3ಟ್ಯಾಗ್ ಅಥವಾ ಕಿಡ್3 ಎಂಬ ಸಾಧನದಲ್ಲಿ ತಿದ್ದಿ, ಐಡಿ3 ಆವೃತ್ತಿ 2.3, ಯುಟಿಎಫ್-16 ಎಂದು ಉಳಿಸಿ. ಹಳೆಯ ಪ್ಲೇಯರ್‌ಗಳಿಗೆ 2.4 ಅರ್ಥವಾಗದು. ಕನ್ನಡದಲ್ಲಿ ಬರೆದ ಹೆಸರು ಚೌಕಗಳಾಗಿ ಕಂಡರೆ ಟ್ಯಾಗ್ ಕೆಟ್ಟಿಲ್ಲ, ಪ್ಲೇಯರ್‌ನಲ್ಲಿ ಆ ಲಿಪಿಯ ಅಕ್ಷರಗಳಿಲ್ಲ. ಅಕ್ಷರಗಳಿದ್ದೂ ಒತ್ತಕ್ಷರ, ಗುಣಿತ ಬಿಡಿಬಿಡಿಯಾಗಿ ಕಂಡರೆ ಅವನ್ನು ಕೂಡಿಸುವ ಜಾಣ್ಮೆ ಅದಕ್ಕಿಲ್ಲ. ಎರಡಕ್ಕೂ ಬಳಕೆದಾರರ ಕೈಯಲ್ಲಿ ಮದ್ದಿಲ್ಲ. ಬಿಡಿ ಹಾಡುಗಳ ಸಂಗ್ರಹ ಇಪ್ಪತ್ತು ಆಲ್ಬಮ್ಮಾಗಿ ಚದುರಿದರೆ ಆಲ್ಬಮ್ ಆರ್ಟಿಸ್ಟ್ ಎಂಬ ಜಾಗದಲ್ಲಿ ಎಲ್ಲಕ್ಕೂ ಒಂದೇ ಹೆಸರು ಕೊಡಿ. ಮುಖಚಿತ್ರ ಕಾಣದಿದ್ದರೆ ಅದು ಹಂತಹಂತವಾಗಿ ಮೂಡುವ ಪ್ರೋಗ್ರೆಸ್ಸಿವ್ ಜೆಪೆಗ್ ಆಗಿರುತ್ತದೆ ಅಥವಾ ತೀರಾ ದೊಡ್ಡದಿರುತ್ತದೆ. 500 ಪಿಕ್ಸೆಲ್ ಚೌಕದ ಬೇಸ್‌ಲೈನ್ ಜೆಪೆಗ್ ಸಾಮಾನ್ಯವಾಗಿ ಎಲ್ಲೆಡೆ ನಡೆಯುತ್ತದೆ.

ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಫೈಲು ದಪ್ಪಗಾಗುತ್ತದೆಯೇ ಹೊರತು ಕಳೆದುಹೋದ ಧ್ವನಿ ಮರಳದು.

ಪ್ಲೇಯರ್ ಲೈಬ್ರರಿ ಸ್ಕ್ಯಾನ್ ಮಾಡುತ್ತಾ ನಡುವೆ ಹೆಪ್ಪುಗಟ್ಟಿದರೆ ಯಾವುದೋ ಒಂದು ಫೈಲು ಕೆಟ್ಟಿದೆ. ಪವರ್ ಗುಂಡಿಯನ್ನು 10-15 ಸೆಕೆಂಡ್ ಅದುಮಿ ಹಿಡಿದು ಆಫ್ ಮಾಡಿ, ಕಾರ್ಡು ತೆಗೆದು ಆನ್ ಮಾಡಿ. ಕಾರ್ಡಿನ ಅರ್ಧ ಫೋಲ್ಡರ್‌ಗಳನ್ನು ಹೊರಗಿಟ್ಟು ಸ್ಕ್ಯಾನ್ ಮಾಡಿಸಿ. ನಿಂತರೆ ತಪ್ಪು ಒಳಗಿನ ಅರ್ಧದಲ್ಲಿದೆ, ನಿಲ್ಲದಿದ್ದರೆ ಹೊರಗಿನದರಲ್ಲಿ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಸಾವಿರ ಫೈಲಿನಲ್ಲಿ ತಪ್ಪಿತಸ್ಥ ಹತ್ತು ಸುತ್ತಿನೊಳಗೆ ಸಿಗುತ್ತದೆ.

ಹಳೆಯ ಐಪಾಡ್ ಇಟ್ಟುಕೊಂಡವರು ಇನ್ನೂ ಇದ್ದಾರೆ; 2001ರಲ್ಲಿ ಬಂದು 2022ರಲ್ಲಿ ನಿಂತ ಸಾಲು ಅದು. ಟಚ್ ಮಾದರಿ ಬಿಟ್ಟು ಉಳಿದವುಗಳೊಳಗಿನ ಹಾಡು ಹೊರತೆಗೆಯಬೇಕಾದರೆ ಡಿಸ್ಕ್ ಮೋಡಿನಲ್ಲಿ ಜೋಡಿಸಿ, ಮುಚ್ಚಿಟ್ಟ ಫೋಲ್ಡರ್‌ಗಳು ಕಾಣುವಂತೆ ಮಾಡಿ, ಐಪಾಡ್ ಕಂಟ್ರೋಲ್ ಎಂಬುದರೊಳಗಿನ ಮ್ಯೂಸಿಕ್ ಫೋಲ್ಡರ್ ನಕಲು ಮಾಡಿಕೊಳ್ಳಿ. ಹೆಸರುಗಳು ಅರ್ಥವಿಲ್ಲದ ನಾಲ್ಕಕ್ಷರ, ಆದರೆ ಟ್ಯಾಗ್ ಒಳಗೇ ಇದೆ. ಟ್ಯಾಗ್ ಸಾಧನ ಅದನ್ನು ಓದಿ ಹೆಸರು ಮರಳಿಸುತ್ತದೆ.

ಇನ್ನು ಕಿವಿ. ದೊಡ್ಡವರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. ಬಸ್ಸು, ರೈಲಿನ ಗದ್ದಲ ಮೀರಲು ವಾಲ್ಯೂಮ್ ಏರಿಸುವುದೇ ಅಪಾಯದ ದಾರಿ. ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹೊರಗಿನ ಸದ್ದನ್ನು ತಡೆದರೆ ವಾಲ್ಯೂಮ್ ತಾನೇ ಕೆಳಗೆ ನಿಲ್ಲುತ್ತದೆ.

ಕಾಪಾಡಿಕೊಳ್ಳುವುದು

ಹೆಡ್‌ಫೋನ್ ಒಂದೇ ಕಿವಿಗೆ ಕೇಳಿದರೆ, ಅಲ್ಲಾಡಿಸಿದಾಗ ಕರಕರ ಎಂದರೆ ಮೊದಲು ಬೇರೆ ಹೆಡ್‌ಫೋನ್ ಹಾಕಿ ನೋಡಿ. ಅದರಲ್ಲಿ ಸರಿಯಿದ್ದರೆ ತಂತಿ ಪಿನ್ನಿನ ಬುಡದಲ್ಲಿ ತುಂಡಾಗಿದೆ. ಅದರಲ್ಲೂ ಹಾಗೇ ಆದರೆ ಜ್ಯಾಕ್‌ನ ತಳದಲ್ಲಿ ಕಿಸೆಯ ನೂಲುಕಸ ಗಟ್ಟಿಯಾಗಿ ಕೂತು ಪಿನ್ನು ಪೂರ್ತಿ ಒಳಹೋಗದಿರಬಹುದು. ಯಂತ್ರ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಪಿನ್ನು, ಸೂಜಿ ಬೇಡ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಾಗಿಸಿದ ಹತ್ತಿಕಡ್ಡಿ ಒಮ್ಮೆ ತಿರುಗಿಸಿ, ಒಣಗಲು ಬಿಡಿ.

ತಿಂಗಳುಗಟ್ಟಲೆ ಬಳಸದಿದ್ದರೆ ಪೆನ್ಸಿಲ್ ಸೆಲ್ ತೆಗೆದಿಡಿ. ಮೆನುವಿನ ದಿನಾಂಕ ಹೋದೀತು, ಮತ್ತೆ ಹಾಕಿದಾಗ ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಎಲ್ಲ ಫೈಲುಗಳೂ ಒಂದೇ ತಪ್ಪು ತಾರೀಖಿನವಾಗುತ್ತವೆ. ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ. ಕೈಗವಸು ಹಾಕಿ ಪುಡಿ ಉದುರಿಸಿ, ವಿನಿಗರ್ ಇಲ್ಲವೇ ನಿಂಬೆರಸ ತಾಗಿಸಿದ ಹತ್ತಿಕಡ್ಡಿಯಿಂದ ಲೋಹದ ತುದಿ ಉಜ್ಜಿ, ಕೊನೆಗೆ ಆಲ್ಕೋಹಾಲಿನಿಂದ ಒರೆಸಿ. ಸ್ಪ್ರಿಂಗು ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದದಿಂದ ಒಂದೆರಡು ಸಲ ತಿಕ್ಕಿದರೆ ಸಾಕು.

ಒಳಗೇ ಕೂಡಿಸಿದ ಲಿಥಿಯಂ ಬ್ಯಾಟರಿಗೆ ಶತ್ರುಗಳು ಎರಡು: ಬಿಸಿ ಮತ್ತು ಸದಾ ತುಂಬಿರುವುದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಎತ್ತಿಡುವಾಗ ಅರ್ಧದಷ್ಟು ಚಾರ್ಜ್ ಇರಲಿ, ಮೂರು ತಿಂಗಳಿಗೊಮ್ಮೆ ನೋಡಿ. ಪರದೆ ಎದ್ದಂತಾಗಿದ್ದರೆ, ಹಿಂಬದಿ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ರಿಪೇರಿ ತಿಳಿದವರ ಕೈಗೆ ಕೊಡಿ.

ನೀರು ಬಿದ್ದರೆ ಕೂಡಲೇ ಆಫ್ ಮಾಡಿ, ಸೆಲ್, ಕಾರ್ಡು ತೆಗೆಯಿರಿ. ಆನ್ ಆಗುತ್ತದೋ ನೋಡೋಣ ಎಂಬ ಕುತೂಹಲವೇ ಹೆಚ್ಚಿನ ಯಂತ್ರಗಳನ್ನು ಕೊಲ್ಲುವುದು. ಮುಚ್ಚಳಗಳನ್ನು ತೆರೆದಿಟ್ಟು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿಟ್ಟು ಎರಡು ಮೂರು ದಿನ ಬಿಡಿ. ಅದೇ ಡಬ್ಬಿ ಮೈಕುಗಳಿಗೆ ನಿತ್ಯದ ಮನೆಯಾಗಲೂ ತಕ್ಕುದು, ತೇವದ ಗಾಳಿಯಲ್ಲಿ ಕಂಡೆನ್ಸರ್ ಮೈಕು ಚಟಪಟ ಸದ್ದು ಮಾಡತೊಡಗುತ್ತದೆ. ಮೈಕಿನ ಜಾಲರಿಯ ಧೂಳನ್ನು ಮೆದು ಬ್ರಶ್ಶಿನಿಂದ, ಯಂತ್ರವನ್ನು ತಲೆಕೆಳಗೆ ಹಿಡಿದು ತೆಗೆಯಿರಿ. ಬಾಯಿಂದ ಊದಿದರೆ ಧೂಳಿನ ಜೊತೆ ಉಸಿರಿನ ತೇವವೂ ಒಳಗೆ ಹೋಗುತ್ತದೆ. ಹಳೆಯ ಯಂತ್ರದ ರಬ್ಬರ್ ಲೇಪ ಅಂಟಂಟಾಗಿದ್ದರೆ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಉಜ್ಜಿ ಪೂರ್ತಿ ತೆಗೆದುಬಿಡಿ, ಪರದೆಗೆ ಮಾತ್ರ ಅದು ತಾಗದಿರಲಿ. ಗುಂಡಿಗಳ ಮೇಲಿನ ಅಕ್ಷರವೂ ಜೊತೆಗೆ ಅಳಿಸಿಹೋಗಬಹುದು, ಉಜ್ಜುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.